ಚಪ್ಪಾಳೆ, ಕಲ್ಲು ಮತ್ತು 123 ವರ್ಷದ ಕಾನೂನು

ವೀಕ್ಷಕರೇ, 2020ರ ಮಾರ್ಚ್ 22 ನಿಮಗೆ ನೆನಪಿರಬೇಕು. ಭಾನುವಾರ, ಸಂಜೆ ಐದು ಗಂಟೆ. ಇಡೀ ದೇಶ ಬಾಲ್ಕನಿಗೆ ಬಂದು ನಿಂತಿತ್ತು. ಚಪ್ಪಾಳೆ, ಗಂಟೆ, ಜಾಗಟೆ, ಊಟದ ತಟ್ಟೆ, ಕೈಗೆ ಸಿಕ್ಕಿದ್ದನ್ನೆಲ್ಲ ಬಾರಿಸಿದ್ದೇ ಬಾರಿಸಿದ್ದು. ನಮ್ಮ ಚಾನೆಲ್‌ನಲ್ಲೂ ಲೈವ್. ಕ್ಯಾಮೆರಾ ಹಿಂದೆ ನಿಂತಿದ್ದ ಹುಡುಗರ ಕಣ್ಣಲ್ಲೂ ನೀರು. ಡಾಕ್ಟರ್, ನರ್ಸ್, ಆಶಾ ಕಾರ್ಯಕರ್ತೆ, ಪೌರಕಾರ್ಮಿಕರು, ಎಲ್ಲರಿಗೂ ಒಂದೇ ಉಸಿರಲ್ಲಿ 'ಕೊರೊನಾ ವಾರಿಯರ್ಸ್' ಅಂತ ಹೆಸರಿಟ್ವಿ.

ಎರಡೇ ದಿನ. ಮಾರ್ಚ್ 24ರಂದು ದೆಹಲಿಯ ಏಮ್ಸ್‌ನ ರೆಸಿಡೆಂಟ್ ಡಾಕ್ಟರ್‌ಗಳು ಕೇಂದ್ರ ಗೃಹ ಸಚಿವರಿಗೆ ಪತ್ರ ಬರೆದರು. ಬಾಡಿಗೆ ಮನೆ ಮಾಲೀಕರು ನಮ್ಮನ್ನ ಹೊರಗೆ ಹಾಕ್ತಿದ್ದಾರೆ, ಕೆಲವರ ಲಗೇಜು ಬೀದಿಯಲ್ಲಿದೆ ಅಂತ. ತಟ್ಟೆ ಬಾರಿಸಿದ ಕೈ, ಬಾಗಿಲು ಹಾಕಿದ ಕೈ, ಎರಡೂ ಒಂದೇ ಊರಿನವು. ಎಷ್ಟೋ ಕಡೆ ಒಂದೇ ಕಟ್ಟಡದವೂ ಇದ್ದಾವು.

ಅದಾದ ಒಂದು ತಿಂಗಳಿಗೆ ಸುಗ್ರೀವಾಜ್ಞೆ ಬಂತು. ಆರೋಗ್ಯ ಸಿಬ್ಬಂದಿ ಮೇಲೆ ಕೈ ಮಾಡಿದರೆ ಏಳು ವರ್ಷದವರೆಗೆ ಜೈಲು. ಅವತ್ತು ರಾತ್ರಿ ನಾನೇ ಅರ್ಧ ಗಂಟೆ ಆ ಬಗ್ಗೆ ಮಾತಾಡಿದೆ. ಗಂಟಲು ಏರಿಸಿಯೇ ಮಾತಾಡಿದೆ ಅಂತಿಟ್ಟುಕೊಳ್ಳಿ. ಕಾರ್ಯಕ್ರಮ ಮುಗಿಸಿ ಮೇಕಪ್ ಒರೆಸ್ತಾ ಇದ್ದಾಗ ಒಂದು ಫೋನ್ ಬಂತು. ಒಂದು ತಾಲ್ಲೂಕು ಆಸ್ಪತ್ರೆಯ ಸ್ಟಾಫ್ ನರ್ಸ್. ಹೆಸರು ಬೇಡ, ಊರೂ ಬೇಡ. ಆ ಹೆಣ್ಣುಮಗಳು ಕೇಳಿದ್ದು ಎರಡೇ ಪ್ರಶ್ನೆ.

"ಸಾರ್, ಹೊಡೆದವರಿಗೆ ಏಳು ವರ್ಷ ಅಂದ್ರಿ. ಸಂತೋಷ. ಮನೆ ಖಾಲಿ ಮಾಡು ಅಂದವರಿಗೆ ಎಷ್ಟು ವರ್ಷ? ಒಂದೇ ಮಾಸ್ಕನ್ನ ವಾರವಿಡೀ ಹಾಕಿಕೋ ಅಂದವರಿಗೆ ಯಾವ ಸೆಕ್ಷನ್ನು?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಸಮಾಧಾನದ ನಾಲ್ಕು ಮಾತು ಹೇಳಿ ಫೋನ್ ಇಟ್ಟೆ. ಆಮೇಲೆ ಕೂತು ಓದಿದೆ. ಓದ್ತಾ ಓದ್ತಾ 1896ಕ್ಕೆ ಹೋಗಿ ನಿಂತೆ. ಈ ಪ್ರಶ್ನೆ ಆ ನರ್ಸ್ ಹುಟ್ಟೋದಕ್ಕೆ ನೂರು ವರ್ಷ ಮುಂಚೆಯೇ ಹುಟ್ಟಿದ್ದು ಅಂತ ಆಗ ಗೊತ್ತಾಯ್ತು. ಬನ್ನಿ, ಆ ಕಥೆ ಹೇಳ್ತೀನಿ.

1896ರ ಸೆಪ್ಟೆಂಬರ್. ಬೊಂಬಾಯಿಯ ಮಾಂಡ್ವಿ. ಬಂದರಿನ ಪಕ್ಕದ ಇಕ್ಕಟ್ಟು ಬೀದಿಗಳು, ಧಾನ್ಯದ ಗೋದಾಮುಗಳು, ಗೋದಾಮಿನ ತುಂಬ ಇಲಿ. ಅಲ್ಲಿ ಒಬ್ಬ ಗೋವಾ ಮೂಲದ ಡಾಕ್ಟರ್, ಅಕಾಸಿಯೋ ಗೇಬ್ರಿಯಲ್ ವಿಯೆಗಾಸ್. ಜ್ವರ ಬಂದು, ತೊಡೆಸಂದಿಯಲ್ಲಿ ಗಡ್ಡೆ ಕಟ್ಟಿಕೊಂಡಿದ್ದ ರೋಗಿಗಳನ್ನ ನೋಡಿ, ಇದು ಪ್ಲೇಗು ಅಂತ ಮೊದಲು ಹೇಳಿದವರು ಅವರು. ರೋಗಕ್ಕೆ ಅಂಜದೆ ಆ ಬೀದಿಗಳಲ್ಲಿ ಓಡಾಡಿದರು. ಅವರಿಗೆ ಆಗ ಯಾವ ಕಾನೂನಿನ ರಕ್ಷಣೆಯೂ ಇರಲಿಲ್ಲ, ಯಾವ ವಿಮೆಯೂ ಇರಲಿಲ್ಲ.

ಬ್ರಿಟಿಷರಿಗೆ ಜನರ ಜೀವದ ಚಿಂತೆ ಎಷ್ಟಿತ್ತೋ, ವ್ಯಾಪಾರದ ಚಿಂತೆ ಅದಕ್ಕಿಂತ ಹೆಚ್ಚಿತ್ತು. ಭಾರತದ ಹಡಗುಗಳನ್ನೇ ತಡೆಯೋಣ ಅಂತ ಯುರೋಪಿನ ದೇಶಗಳು ಮಾತಾಡತೊಡಗಿದವು. 1897ರ ಫೆಬ್ರವರಿಯಲ್ಲಿ ವೆನಿಸ್ ನಗರದಲ್ಲಿ ಅದಕ್ಕಂತಲೇ ಒಂದು ಅಂತಾರಾಷ್ಟ್ರೀಯ ಸಮ್ಮೇಳನ ಶುರುವಾಗೋದಿತ್ತು. ನಾವು ಕೈಕಟ್ಟಿ ಕೂತಿಲ್ಲ ಅಂತ ತೋರಿಸಬೇಕಲ್ಲ? ಕಲ್ಕತ್ತೆಯಲ್ಲಿ ತರಾತುರಿಯಲ್ಲಿ ಒಂದು ಮಸೂದೆ ಬಂತು, ಕೆಲವೇ ದಿನಗಳಲ್ಲಿ ಪಾಸೂ ಆಯಿತು. 1897ರ ಫೆಬ್ರವರಿ 4. ಹೆಸರು, ಸಾಂಕ್ರಾಮಿಕ ರೋಗಗಳ ಕಾಯ್ದೆ.

ಈ ಕಾಯ್ದೆ ಎಷ್ಟು ಚಿಕ್ಕದು ಗೊತ್ತಾ? ನಾಲ್ಕೇ ನಾಲ್ಕು ಸೆಕ್ಷನ್. ಮೊದಲನೆಯದು ಹೆಸರು. ಎರಡನೆಯದು, ಸರ್ಕಾರ ಏನು ಬೇಕಾದರೂ ಮಾಡಬಹುದು: ತಪಾಸಣೆ, ಪ್ರತ್ಯೇಕವಾಸ, ಹಡಗು-ರೈಲು ತಡೆ. ಮೂರನೆಯದು, ಆಜ್ಞೆ ಮೀರಿದವರಿಗೆ ದಂಡ ಸಂಹಿತೆಯ 188ನೇ ಸೆಕ್ಷನ್ ಪ್ರಕಾರ ಶಿಕ್ಷೆ. ನಾಲ್ಕನೆಯದನ್ನ ಗಮನ ಇಟ್ಟು ಕೇಳಿ. ಈ ಕಾಯ್ದೆಯ ಅಡಿಯಲ್ಲಿ ಸದುದ್ದೇಶದಿಂದ ಕೆಲಸ ಮಾಡಿದ ಯಾರ ಮೇಲೂ ಕೋರ್ಟಿನಲ್ಲಿ ದಾವೆ ಹೂಡುವ ಹಾಗಿಲ್ಲ.

ಅಂದ್ರೆ, ರಕ್ಷಣೆ ಇತ್ತು. ಯಾರಿಗೆ? ಆಜ್ಞೆ ಮಾಡುವವನಿಗೆ. ಯಾರಿಂದ? ಜನರಿಂದ. ರೋಗಿಯ ಮಗ್ಗುಲಲ್ಲಿ ಕೂತು ಬಾವು ತೊಳೆಯುವವಳಿಗೆ ಆ ಕಾಯ್ದೆಯಲ್ಲಿ ಒಂದು ಸಾಲೂ ಇರಲಿಲ್ಲ. ಸಂಬಳ, ಸೋಂಕು ತಗುಲಿದರೆ ಚಿಕಿತ್ಸೆ, ಸತ್ತರೆ ಕುಟುಂಬದ ಗತಿ, ಯಾವುದೂ ಇಲ್ಲ.

ಪರಿಣಾಮ ಏನಾಯ್ತು? ಪುಣೆಗೆ ವಾಲ್ಟರ್ ಚಾರ್ಲ್ಸ್ ರಾಂಡ್ ಅನ್ನುವ ಐಸಿಎಸ್ ಅಧಿಕಾರಿ ಪ್ಲೇಗ್ ಸಮಿತಿಯ ಮುಖ್ಯಸ್ಥನಾಗಿ ಬಂದ. ಮನೆ ಮನೆ ಹುಡುಕೋದಕ್ಕೆ ಸೈನಿಕರನ್ನ ಇಳಿಸಿದ. ಬೂಟುಗಾಲಲ್ಲಿ ಅಡುಗೆಮನೆಗೆ, ದೇವರಮನೆಗೆ ನುಗ್ಗಿದರು. ಹೆಂಗಸರನ್ನ ಬೀದಿಯಲ್ಲಿ ನಿಲ್ಲಿಸಿ ಪರೀಕ್ಷೆ ಮಾಡಿದರು ಅನ್ನೋ ದೂರುಗಳು ಬಂದವು. ಹಾಸಿಗೆ ಬಟ್ಟೆ ಸುಟ್ಟರು. ಜನ ಕುದ್ದುಹೋದರು. 1897ರ ಜೂನ್ 22ರ ರಾತ್ರಿ, ವಿಕ್ಟೋರಿಯಾ ರಾಣಿಯ ವಜ್ರ ಮಹೋತ್ಸವದ ಸಮಾರಂಭ ಮುಗಿಸಿ ಹೊರಟಿದ್ದ ರಾಂಡ್ ಮೇಲೆ ಚಾಪೇಕರ್ ಸಹೋದರರು ಗುಂಡು ಹಾರಿಸಿದರು. ಅವನ ಹಿಂದೆ ಬರ್ತಿದ್ದ ಲೆಫ್ಟಿನೆಂಟ್ ಅಯರ್ಸ್ಟ್ ಸ್ಥಳದಲ್ಲೇ ಸತ್ತ, ರಾಂಡ್ ಜುಲೈ 3ರಂದು. ತಿಲಕರ ಮೇಲೆ ರಾಜದ್ರೋಹದ ಮೊಕದ್ದಮೆ, ಹದಿನೆಂಟು ತಿಂಗಳ ಶಿಕ್ಷೆ. ಇದೆಲ್ಲ ಶಾಲೆಯ ಪುಸ್ತಕದಲ್ಲಿ ಓದಿದ್ದೀವಿ.

ಆದರೆ ಶಾಲೆಯ ಪುಸ್ತಕ ಹೇಳದ ಮಾತೊಂದಿದೆ. ಆ ಸಿಟ್ಟು ರಾಂಡ್ ಒಬ್ಬನ ಮೇಲೇ ಹೋಗಲಿಲ್ಲ. 1896ರ ಅಕ್ಟೋಬರ್ 29ರಂದೇ ಬೊಂಬಾಯಿಯ ಆರ್ಥರ್ ರೋಡ್ ಆಸ್ಪತ್ರೆಗೆ ಸಾವಿರದಷ್ಟು ಗಿರಣಿ ಕೆಲಸಗಾರರು ನುಗ್ಗಿದ್ದರು. 1898ರ ಮಾರ್ಚ್‌ನಲ್ಲಿ ಅದೇ ಊರಿನ ನೇಕಾರರ ಕೇರಿಯಲ್ಲಿ, ಕಾಯಿಲೆ ಬಿದ್ದಿದ್ದ ಒಬ್ಬ ಹುಡುಗಿಯನ್ನ ಆಸ್ಪತ್ರೆಗೆ ಒಯ್ಯೋದಕ್ಕೆ ಹೋದಾಗ ದೊಡ್ಡ ದೊಂಬಿ ಆಯಿತು. 1900ರ ಏಪ್ರಿಲ್‌ನಲ್ಲಿ ಕಾನ್ಪುರದಲ್ಲಿ ಪ್ಲೇಗ್ ಶಿಬಿರಕ್ಕೇ ಬೆಂಕಿ ಬಿತ್ತು. ನಮ್ಮ ಕಡೆಯೂ ಕಡಿಮೆ ಇಲ್ಲ. 1898ರಲ್ಲಿ ಶ್ರೀರಂಗಪಟ್ಟಣದ ಪಕ್ಕದ ಗಂಜಾಂನಲ್ಲಿ ಪ್ಲೇಗ್ ಕ್ರಮಗಳ ವಿರುದ್ಧ ಗಲಭೆಯೇ ಎದ್ದಿತು.

ಅಧಿಕಾರಿಗೆ ಪೊಲೀಸು ಪಹರೆ ಇರುತ್ತೆ. ವಾರ್ಡಿನಲ್ಲಿ, ಶಿಬಿರದಲ್ಲಿ ಇರುವವರು ಯಾರು? ಕಾಂಪೌಂಡರ್, ದಾದಿ, ಕಸ ಗುಡಿಸುವವರು, ಡೋಲಿ ಹೊರುವವರು. ಜನರ ಕಣ್ಣಿಗೆ ಇವರೆಲ್ಲ ಸರ್ಕಾರದವರು. ಸರ್ಕಾರದ ಕಣ್ಣಿಗೆ ಇವರೆಲ್ಲ ಕೂಲಿಯವರು. ಎರಡೂ ಕಡೆಯಿಂದ ಪೆಟ್ಟು.

ಹಾಗಿದ್ದೂ ಕೆಲಸ ಮಾಡಿದವರಿದ್ದರು. ಸಾವಿತ್ರಿಬಾಯಿ ಫುಲೆ ಅವರನ್ನ ನಾವು ಮೊದಲ ಶಿಕ್ಷಕಿ ಅಂತ ನೆನಪಿಟ್ಟುಕೊಂಡಿದ್ದೀವಿ. ಅವರು ತೀರಿಕೊಂಡಿದ್ದು ಹೇಗೆ ಅಂತ ಎಷ್ಟು ಜನಕ್ಕೆ ಗೊತ್ತು? ಮಗ ಯಶವಂತ ಡಾಕ್ಟರ್. ತಾಯಿ-ಮಗ ಸೇರಿ ಪುಣೆಯ ಹೊರವಲಯದಲ್ಲಿ ಪ್ಲೇಗ್ ರೋಗಿಗಳಿಗೆ ಶುಶ್ರೂಷಾ ಕೇಂದ್ರ ತೆರೆದರು. ಕಾಯಿಲೆ ಬಿದ್ದ ಒಬ್ಬ ಹುಡುಗನನ್ನ ಸಾವಿತ್ರಿಬಾಯಿ ತಾವೇ ಹೊತ್ತು ತಂದರು. ಅವರಿಗೂ ಸೋಂಕು ತಗುಲಿತು. 1897ರ ಮಾರ್ಚ್ 10ರಂದು ಹೋಗಿಬಿಟ್ಟರು. ಕಾಯ್ದೆ ಜಾರಿಯಾಗಿ ಐದು ವಾರವೂ ಆಗಿರಲಿಲ್ಲ.

ನಮ್ಮ ಬೆಂಗಳೂರಿಗೆ ಪ್ಲೇಗ್ ಕಾಲಿಟ್ಟಿದ್ದು 1898ರ ಆಗಸ್ಟ್‌ನಲ್ಲಿ, ಹುಬ್ಬಳ್ಳಿ ಕಡೆಯಿಂದ, ರೈಲಿನಲ್ಲಿ. ಊರಿಗೆ ಊರೇ ಖಾಲಿಯಾಯ್ತು. ಇವತ್ತು ನಾವು ಹೆಮ್ಮೆಪಡುವ ಮಲ್ಲೇಶ್ವರ, ಬಸವನಗುಡಿ ಬಡಾವಣೆಗಳು ಬೆಳೆದಿದ್ದೇ ಆ ಭಯದ ಬೆನ್ನಿಗೆ. ಊರಲ್ಲಿ ಪ್ಲೇಗಮ್ಮನ ಗುಡಿಗಳು ಎದ್ದವು. ಪ್ಲೇಗ್ ಕೆಲಸದ ಸಮನ್ವಯಕ್ಕೆ ಟೆಲಿಫೋನ್ ತಂತಿ ಎಳೆದರು. ಆ ಹೊತ್ತಿನಲ್ಲಿ ಬೆಂಗಳೂರಿನ ಪ್ಲೇಗ್ ಶಿಬಿರಗಳಲ್ಲಿ ದುಡಿದ ಒಬ್ಬ ಡಾಕ್ಟರ್ ಇದ್ದರು, ಪದ್ಮನಾಭನ್ ಪಲ್ಪು. ತಿರುವನಂತಪುರದವರು, ಈಳವ ಸಮುದಾಯದವರು. ಮದ್ರಾಸಿನಲ್ಲಿ ಡಾಕ್ಟರ್ ಪರೀಕ್ಷೆ ಪಾಸಾಗಿ ಬಂದರೂ ಜಾತಿಯ ಕಾರಣಕ್ಕೆ ತಿರುವಾಂಕೂರು ಸರ್ಕಾರ ಕೆಲಸ ಕೊಡಲಿಲ್ಲ. ಕೆಲಸ ಕೊಟ್ಟಿದ್ದು ನಮ್ಮ ಮೈಸೂರು. ಓಡಿಹೋಗುವವರು ಓಡಿಹೋಗ್ತಿದ್ದ ಊರಲ್ಲಿ, ಸ್ವಂತ ಊರು ಬೇಡ ಅಂದ ಮನುಷ್ಯ ಹೆಣಗಳ ಮಧ್ಯೆ ನಿಂತು ಕೆಲಸ ಮಾಡಿದರು. ಮುಂದೆ ಮೈಸೂರು ಸರ್ಕಾರ ಅವರನ್ನ ಉನ್ನತ ವ್ಯಾಸಂಗಕ್ಕೆ ಇಂಗ್ಲೆಂಡಿಗೂ ಕಳಿಸಿತು. ಕೇರಳದ ಸಮಾಜ ಸುಧಾರಣೆಯ ಚರಿತ್ರೆಯಲ್ಲಿ ಅವರ ಹೆಸರು ದೊಡ್ಡದು. ನಮ್ಮ ಬೆಂಗಳೂರಿನಲ್ಲಿ? ದಾರಿಯಲ್ಲಿ ಹೋಗುವ ಹತ್ತು ಜನರನ್ನ ಕೇಳಿ ನೋಡಿ.

ಇನ್ನೊಬ್ಬರ ಕಥೆ ಹೇಳದೆ ಮುಂದೆ ಹೋಗೋ ಹಾಗಿಲ್ಲ. ವಾಲ್ಡೆಮಾರ್ ಹಾಫ್‌ಕಿನ್. ಒಡೆಸ್ಸಾದಲ್ಲಿ ಹುಟ್ಟಿದ ಯಹೂದಿ ವಿಜ್ಞಾನಿ. ಬೊಂಬಾಯಿಯ ಗ್ರಾಂಟ್ ಮೆಡಿಕಲ್ ಕಾಲೇಜಿನ ಒಂದು ಚಿಕ್ಕ ಜಾಗದಲ್ಲಿ ಕೂತು ಪ್ಲೇಗಿಗೆ ಲಸಿಕೆ ತಯಾರಿಸಿದರು. 1897ರ ಜನವರಿ 10ರಂದು ಮೊದಲು ತಮಗೇ ಚುಚ್ಚಿಕೊಂಡರು. ನಮ್ಮ ಹುಬ್ಬಳ್ಳಿಯಲ್ಲಿ ಆ ಲಸಿಕೆಯನ್ನ ಸಾವಿರಾರು ಜನರಿಗೆ ಹಾಕಿದರು. ಲಕ್ಷಾಂತರ ಜನ ಅದರಿಂದ ಬದುಕಿದರು.

ಆಮೇಲೆ 1902ರ ಅಕ್ಟೋಬರ್ 30. ಪಂಜಾಬಿನ ಮುಲ್ಕೋವಾಲ್ ಅನ್ನೋ ಹಳ್ಳಿ. ಒಂದೇ ಬಾಟಲಿಯ ಲಸಿಕೆ ಹಾಕಿಸಿಕೊಂಡ ಹತ್ತೊಂಬತ್ತು ಜನ ಧನುರ್ವಾಯು ಬಂದು ಸತ್ತರು. ತಪ್ಪು ಯಾರದು? ವಿಚಾರಣೆ ನೇರ ಹಾಫ್‌ಕಿನ್ ಕಡೆ ಬೆರಳು ತೋರಿಸಿತು. ಕೆಲಸದಿಂದ ದೂರ ಇಟ್ಟರು, ಮರ್ಯಾದೆ ಹೋಯಿತು. ನಿಜವಾಗಿ ಕಲ್ಮಶ ಸೇರಿದ್ದು ಹಳ್ಳಿಯಲ್ಲಿ, ಬಾಟಲಿ ತೆರೆಯುವಾಗ ಅನ್ನೋದಕ್ಕೆ ಸಾಕ್ಷ್ಯ ಇತ್ತು. ಮಲೇರಿಯಾದ ಗುಟ್ಟು ಬಿಡಿಸಿದ ರೊನಾಲ್ಡ್ ರಾಸ್ ಮುಂತಾದ ವಿಜ್ಞಾನಿಗಳು ಬಹಿರಂಗವಾಗಿ ಅವರ ಪರ ನಿಂತರು. 1907ರಲ್ಲಿ ಅವರು ದೋಷಮುಕ್ತರಾದರು. ಐದು ವರ್ಷ! 1925ರಲ್ಲಿ ಆ ಪ್ರಯೋಗಾಲಯಕ್ಕೆ ಹಾಫ್‌ಕಿನ್ ಇನ್‌ಸ್ಟಿಟ್ಯೂಟ್ ಅಂತ ಹೆಸರಿಟ್ಟರು. ಕಟ್ಟಡಕ್ಕೆ ಹೆಸರು ಇಡೋದು ಸುಲಭ. ಕಳೆದ ಐದು ವರ್ಷ ವಾಪಸ್ ಕೊಡೋದು ಕಷ್ಟ.

ಈ ಕಥೆ ಯಾಕೆ ಹೇಳಿದೆ ಅಂದ್ರೆ, ಆರೋಗ್ಯ ಸಿಬ್ಬಂದಿಗೆ ರಕ್ಷಣೆ ಅಂದ ಕೂಡಲೇ ನಮಗೆ ಕಲ್ಲು, ದೊಣ್ಣೆ ಮಾತ್ರ ನೆನಪಾಗುತ್ತೆ. ಅವಸರದ ವಿಚಾರಣೆಯಿಂದಲೂ ರಕ್ಷಣೆ ಬೇಕು. ಮೇಲಿನವರ ತಪ್ಪು ಕೆಳಗಿನವರ ತಲೆ ಮೇಲೆ ಬೀಳದ ಹಾಗೆ ರಕ್ಷಣೆ ಬೇಕು.

ಈಗ 2020ಕ್ಕೆ ಬರೋಣ. ದೇಶದ ಮೊದಲ ಕೋವಿಡ್ ಸಾವು ಆಗಿದ್ದು ನಮ್ಮ ಕಲಬುರಗಿಯಲ್ಲಿ, ಮಾರ್ಚ್ 10ರಂದು. ಕೆಲವೇ ದಿನಗಳಲ್ಲಿ ಆ ವೃದ್ಧರನ್ನ ನೋಡಿಕೊಂಡಿದ್ದ ಡಾಕ್ಟರ್‌ಗೂ ಪಾಸಿಟಿವ್ ಬಂತು. ನಾವು ಸ್ಟುಡಿಯೋದಲ್ಲಿ ಕೂತು ಅಂಕಿ ಎಣಿಸ್ತಿದ್ವಿ, ಅವರು ವಾರ್ಡಿನಲ್ಲಿ ಉಸಿರು ಎಣಿಸ್ತಿದ್ರು.

ದೇಶ ಕೈಗೆತ್ತಿಕೊಂಡ ಕಾನೂನು ಯಾವುದು? ಅದೇ 1897ರದ್ದು. ಶಿಕ್ಷೆ? ಅದೇ 188ನೇ ಸೆಕ್ಷನ್. ಹೆಚ್ಚೆಂದರೆ ಆರು ತಿಂಗಳು, ಸಾವಿರ ರೂಪಾಯಿ ದಂಡ. ಕರ್ನಾಟಕದಲ್ಲಿ 2009ರಲ್ಲೇ ವೈದ್ಯಕೀಯ ಸಿಬ್ಬಂದಿ ಮೇಲಿನ ಹಿಂಸೆ ತಡೆಯೋದಕ್ಕೆ ಒಂದು ಕಾಯ್ದೆ ಇತ್ತು, ಮೂರು ವರ್ಷದವರೆಗೆ ಜೈಲು. ಆದರೆ ಅದು ಆಸ್ಪತ್ರೆಯ ಗೋಡೆಯನ್ನ ಮನಸ್ಸಲ್ಲಿಟ್ಟುಕೊಂಡು ಬರೆದ ಕಾಯ್ದೆ. ಬೀದಿ ಬೀದಿ ಅಲೆದು ಮನೆ ಬಾಗಿಲು ತಟ್ಟುವ ಆಶಾ ಕಾರ್ಯಕರ್ತೆಯ ಚಿತ್ರ ಅದರಲ್ಲಿ ಇರಲಿಲ್ಲ.

ಏಪ್ರಿಲ್‌ನಲ್ಲಿ ಒಂದರ ಹಿಂದೆ ಒಂದು. ಇಂದೋರ್‌ನಲ್ಲಿ ತಪಾಸಣೆಗೆ ಹೋದ ತಂಡದ ಮೇಲೆ ಕಲ್ಲು. ಬೆಂಗಳೂರಿನಲ್ಲಿ ಸರ್ವೆಗೆ ಹೋದ ಆಶಾ ಕಾರ್ಯಕರ್ತೆಗೆ ಮುತ್ತಿಗೆ. ಏಪ್ರಿಲ್ 19ರ ರಾತ್ರಿ ಪಾದರಾಯನಪುರ. ಕ್ವಾರಂಟೈನ್‌ಗೆ ಕರೆದೊಯ್ಯಲು ಹೋದ ಸಿಬ್ಬಂದಿ ಎದುರು ಗುಂಪು, ಬ್ಯಾರಿಕೇಡ್ ಧ್ವಂಸ. ಅದೇ ದಿನ ಚೆನ್ನೈನಲ್ಲಿ ಕೋವಿಡ್‌ನಿಂದ ತೀರಿಕೊಂಡ ಒಬ್ಬ ಹಿರಿಯ ನರರೋಗ ಶಸ್ತ್ರಚಿಕಿತ್ಸಕರ ಅಂತ್ಯಸಂಸ್ಕಾರಕ್ಕೆ ಜನ ಬಿಡಲಿಲ್ಲ. ಆ್ಯಂಬುಲೆನ್ಸ್‌ಗೆ ಕಲ್ಲು ಬಿತ್ತು. ಕೊನೆಗೆ ಸಹೋದ್ಯೋಗಿ ಡಾಕ್ಟರ್ ಒಬ್ಬರು ರಾತ್ರಿಯಲ್ಲಿ ತಮ್ಮ ಕೈಯಾರೆ ಮಣ್ಣು ಎಳೆದು ಹೂಳಬೇಕಾಯ್ತು. ಜೀವನವಿಡೀ ಬೇರೆಯವರ ತಲೆ ಉಳಿಸಿದವರಿಗೆ ಆರಡಿ ಮೂರಡಿ ಜಾಗ ಸುಲಭಕ್ಕೆ ಸಿಗಲಿಲ್ಲ.

ಇಲ್ಲಿ ಒಂದು ಮಾತು ಹೇಳಲೇಬೇಕು, ನಮ್ಮ ಕಸುಬಿನವರ ಬಗ್ಗೆ. ಆವತ್ತು ನಾವು, ಟಿವಿಯವರು, ಏನು ಮಾಡಿದ್ವಿ? ಒಂದು ಬೀದಿಯ ಹೆಸರು ಹಿಡಿದು ವಾರಗಟ್ಟಲೆ ಕೂಗಿದ್ವಿ. ಒಂದು ಸಮುದಾಯದ ಮುಖಕ್ಕೆ ಮಸಿ ಬಳಿಯೋ ಹಾಗೆ ಕೂಗಿದವರೂ ನಮ್ಮಲ್ಲಿದ್ದರು. ಆದರೆ ಬಾಡಿಗೆ ಮನೆಯಿಂದ ನರ್ಸನ್ನ ಹೊರಹಾಕಿದ ಮಾಲೀಕರ ಜಾತಿ ಯಾವುದು, ಧರ್ಮ ಯಾವುದು ಅಂತ ನಾವು ಒಂದು ದಿನವೂ ಕೇಳಲಿಲ್ಲ. ಕೇಳಿದ್ದರೆ ಎಲ್ಲರೂ ಸಿಗ್ತಿದ್ದರು. ಭಯಕ್ಕೆ ಜಾತಿ ಇಲ್ಲ ಸ್ವಾಮಿ. ಕಲ್ಲು ಎಸೆದದ್ದು ತಪ್ಪು, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ಭಯಕ್ಕೆ ತುಪ್ಪ ಸುರಿದ ಟಿಕ್ಕರ್‌ಗಳಲ್ಲಿ ಕೆಲವು ನಾನೇ ಓದಿದ್ದು. ಇದನ್ನ ಪುಸ್ತಕದಲ್ಲಿ ದಾಖಲಿಸಿ ಇಡ್ತಿದ್ದೀನಿ.

ಪಾದರಾಯನಪುರದ ಮುಂದಿನ ಕಥೆ ನೋಡಿ. ಬಂಧಿಸಿದವರನ್ನ ರಾಮನಗರದ ಜೈಲಿಗೆ ಕಳಿಸಿದರು. ರಾಮನಗರ ಆಗ ಒಂದೂ ಕೇಸಿಲ್ಲದ ಹಸಿರು ವಲಯ. ಬಂಧಿತರಲ್ಲಿ ಕೆಲವರಿಗೆ ಪಾಸಿಟಿವ್ ಬಂತು. ಎಲ್ಲರನ್ನೂ ಮತ್ತೆ ಬೆಂಗಳೂರಿಗೆ ತಂದರು. ಶಿಕ್ಷೆ ಕೊಡುವ ಅವಸರದಲ್ಲಿ ರೋಗವನ್ನೇ ಮರೆತುಬಿಟ್ಟೆವು. 1897ರ ಪಾಠ ಇದೇ ಆಗಿತ್ತಲ್ಲವಾ?

ಏಪ್ರಿಲ್ 22ಕ್ಕೆ ಸುಗ್ರೀವಾಜ್ಞೆ. ಸೆಪ್ಟೆಂಬರ್‌ನಲ್ಲಿ ಸಂಸತ್ತಿನ ಒಪ್ಪಿಗೆ ಪಡೆದು ಕಾಯ್ದೆಯೇ ಆಯಿತು. 123 ವರ್ಷದ ಹಳೇ ಕಾನೂನಿಗೆ ಮೊದಲ ಬಾರಿಗೆ ಆರೋಗ್ಯ ಸಿಬ್ಬಂದಿಯ ಹೆಸರು ಬಂತು. ಒಳ್ಳೆಯದನ್ನ ಒಳ್ಳೆಯದು ಅನ್ನಲೇಬೇಕು. ಡಾಕ್ಟರ್, ನರ್ಸ್, ಅರೆವೈದ್ಯಕೀಯ ಸಿಬ್ಬಂದಿ, ಸಮುದಾಯ ಆರೋಗ್ಯ ಕಾರ್ಯಕರ್ತೆಯರು ಎಲ್ಲರೂ ಇದರೊಳಗೆ ಬರ್ತಾರೆ. ಹಿಂಸೆ ಮಾಡಿದರೆ ಮೂರು ತಿಂಗಳಿಂದ ಐದು ವರ್ಷ ಜೈಲು, 50,000ದಿಂದ 2 ಲಕ್ಷ ರೂಪಾಯಿ ದಂಡ. ತೀವ್ರ ಗಾಯವಾದರೆ ಆರು ತಿಂಗಳಿಂದ ಏಳು ವರ್ಷ, 1 ಲಕ್ಷದಿಂದ 5 ಲಕ್ಷ ದಂಡ. ಸುಲಭಕ್ಕೆ ಜಾಮೀನಿಲ್ಲ. ಮೂವತ್ತು ದಿನದಲ್ಲಿ ತನಿಖೆ ಮುಗಿಸಬೇಕು, ವಿಚಾರಣೆ ಒಂದು ವರ್ಷದೊಳಗೆ ಮುಗಿಸಲು ಯತ್ನಿಸಬೇಕು. ಆಸ್ತಿ ಹಾಳು ಮಾಡಿದವರು ಮಾರುಕಟ್ಟೆ ಬೆಲೆಯ ಎರಡರಷ್ಟು ಕಟ್ಟಿಕೊಡಬೇಕು.

ಆ ನರ್ಸ್ ಕೇಳಿದ ಮೊದಲ ಪ್ರಶ್ನೆಗೆ ಇಲ್ಲಿ ಉತ್ತರ ಇದೆ. ಹಿಂಸೆ ಅಂದರೆ ಬರೀ ಹೊಡೆತ ಅಲ್ಲ. ಆರೋಗ್ಯ ಸಿಬ್ಬಂದಿಯ ಬದುಕಿಗೆ, ಕೆಲಸಕ್ಕೆ ತೊಂದರೆ ಆಗುವ ಹಾಗೆ ಕಿರುಕುಳ ಕೊಡುವುದೂ ಈ ಕಾಯ್ದೆಯಲ್ಲಿ ಹಿಂಸೆಯೇ. ಅಂದರೆ ಸೋಂಕಿನ ನೆಪ ಹೇಳಿ ಮನೆಯಿಂದ ಹೊರಹಾಕಲು ಪೀಡಿಸಿದ ಮಾಲೀಕನ ಮೇಲೂ ಕೇಸು ಹಾಕಬಹುದು. ಆದರೆ ಹಾಕ್ತಾರಾ? ರಾತ್ರಿ ಪಾಳಿ ಮುಗಿಸಿ ಬೆಳಿಗ್ಗೆ ಎಂಟಕ್ಕೆ ಬರುವ ಹೆಣ್ಣುಮಗಳು ಠಾಣೆ ಮೆಟ್ಟಿಲು ಹತ್ತಿ, ಅದೇ ಮಾಲೀಕನ ಮನೆಯಲ್ಲಿ ಮಲಗ್ತಾಳಾ? ಅವಳಿಗೆ ಬೇಕಾಗಿದ್ದು ಮಾಲೀಕನ ಜೈಲಲ್ಲ. ಆಸ್ಪತ್ರೆ ಪಕ್ಕದಲ್ಲಿ ಒಂದು ಸುರಕ್ಷಿತ ಕೋಣೆ, ಬಿಸಿ ನೀರು, ಆರು ಗಂಟೆ ನಿದ್ದೆ.

ಎರಡನೇ ಪ್ರಶ್ನೆ. ಮಾಸ್ಕ್ ಕೊಡದವರಿಗೆ ಯಾವ ಸೆಕ್ಷನ್ನು? ಹುಡುಕಿದೆ. ಈ ಕಾಯ್ದೆಯಲ್ಲಿ ಇಲ್ಲ. ಕಲ್ಲು ಎಸೆದವನಿಗೆ ಏಳು ವರ್ಷ ಇದೆ, ಕಿಟ್ ಕೊಡದೆ ವಾರ್ಡಿಗೆ ತಳ್ಳಿದವನಿಗೆ ಒಂದು ದಿನವೂ ಇಲ್ಲ. ಅಷ್ಟೇ ಅಲ್ಲ, 1897ರ ಆ ನಾಲ್ಕನೇ ಸೆಕ್ಷನ್ ಇನ್ನೂ ಅಲ್ಲೇ ಕೂತಿದೆ. ಸದುದ್ದೇಶದಿಂದ ಮಾಡಿದ್ದು ಅಂದರೆ ಮುಗೀತು.

ಹಾಗಾಗಿ ಡಾಕ್ಟರ್‌ಗಳು ಕೋರ್ಟಿಗೆ ಹೋಗಬೇಕಾಯ್ತು. 2020ರ ಏಪ್ರಿಲ್ 8ರಂದು ಸುಪ್ರೀಂ ಕೋರ್ಟ್, ಸಿಬ್ಬಂದಿಗೆ ಪಿಪಿಇ ಕಿಟ್ ಕೊಡಿ, ಪೊಲೀಸ್ ರಕ್ಷಣೆ ಕೊಡಿ ಅಂತ ಆದೇಶ ಮಾಡಿತು. ಜೂನ್ 17ರಂದು, ಸಂಬಳ ಸರಿಯಾಗಿ ಕೊಡಿ, ಕೋವಿಡ್ ಕೆಲಸ ಮಾಡಿದವರಿಗೆ ಕ್ವಾರಂಟೈನ್ ಸೌಲಭ್ಯ ನಿರಾಕರಿಸಬೇಡಿ ಅಂತ ಹೇಳಿತು. ದೇಶ ಚಪ್ಪಾಳೆ ತಟ್ಟಿ ಮೂರು ತಿಂಗಳಾದ ಮೇಲೆ, ಸಂಬಳ ಕೊಡಿ ಅಂತ ಹೇಳೋದಕ್ಕೆ ದೇಶದ ಅತಿ ದೊಡ್ಡ ಕೋರ್ಟು ಬೇಕಾಯ್ತು!

ವಿಮೆ ಇತ್ತಲ್ಲ ಅಂತೀರಾ? ಇತ್ತು. ಗರೀಬ್ ಕಲ್ಯಾಣ್ ಪ್ಯಾಕೇಜ್‌ನಲ್ಲಿ 50 ಲಕ್ಷ ರೂಪಾಯಿ. ಸುಮಾರು 22 ಲಕ್ಷ ಸಿಬ್ಬಂದಿಗೆ ಅಂತ ಘೋಷಣೆ. ಒಳ್ಳೆಯ ಯೋಜನೆಯೇ. ಆದರೆ ಅದು ಸತ್ತವರಿಗೆ. ಸೋಂಕು ತಗುಲಿ ತಿಂಗಳುಗಟ್ಟಲೆ ಮಲಗಿ, ಬದುಕಿ ಬಂದವರಿಗೆ ಅಲ್ಲ. ಸರ್ಕಾರದ ಕರೆ ಕೇಳಿ ತಮ್ಮ ಕ್ಲಿನಿಕ್ ತೆರೆದಿಟ್ಟು ಸತ್ತ ಖಾಸಗಿ ಡಾಕ್ಟರ್‌ಗಳ ಕುಟುಂಬಕ್ಕೆ, ಅವರನ್ನ ಅಧಿಕೃತವಾಗಿ ಕೋವಿಡ್ ಕೆಲಸಕ್ಕೆ ನೇಮಿಸಿದ್ದು ಎಲ್ಲಿ ಅನ್ನೋ ಪ್ರಶ್ನೆ ಎದುರಾಯ್ತು. ಮಹಾರಾಷ್ಟ್ರದಲ್ಲಿ ಅಂಥ ಒಬ್ಬ ಡಾಕ್ಟರ್ ಪತ್ನಿ ಹೈಕೋರ್ಟಿನವರೆಗೆ ಹೋಗಬೇಕಾಯ್ತು. ಅಲ್ಲಿಯೂ ಸೋಲಾಯ್ತು.

ಆಶಾ ಕಾರ್ಯಕರ್ತೆಯರ ಕಥೆ ಇನ್ನೂ ವಿಚಿತ್ರ. ಕೆಲಸ ಮಾಡುವ ಜಾಗದಲ್ಲಿ ಸೋಂಕು ತಗುಲಿದರೆ ಪರಿಹಾರ ಕೊಡಬೇಕು ಅನ್ನೋದಕ್ಕೆ ನಮ್ಮಲ್ಲಿ ಆಗ 1923ರ ಒಂದು ಕಾನೂನು ಇತ್ತು. ನೌಕರರ ಪರಿಹಾರ ಕಾಯ್ದೆ. ಸೋಂಕಿನ ಅಪಾಯ ಇರುವ ಆರೋಗ್ಯ ಕೆಲಸದಲ್ಲಿ ಬರುವ ಕಾಯಿಲೆಯನ್ನ ಅದು ವೃತ್ತಿಜನ್ಯ ಕಾಯಿಲೆ ಅಂತಲೇ ಪಟ್ಟಿ ಮಾಡಿತ್ತು. ಆದರೆ ಅದು ನೌಕರರಿಗೆ. ಆಶಾ ನೌಕರಳಾ? ಕಾಗದದಲ್ಲಿ ಅವಳು ಸ್ವಯಂಸೇವಕಿ. ಸಂಬಳ ಅಲ್ಲ, ಗೌರವಧನ, ಪ್ರೋತ್ಸಾಹಧನ. ಕಲ್ಲು ಬಿದ್ದಾಗ ಅವಳು ಆರೋಗ್ಯ ಸಿಬ್ಬಂದಿ, ಪಗಾರ ಕೇಳಿದಾಗ ಸ್ವಯಂಸೇವಕಿ. 2020ರ ಜುಲೈನಲ್ಲಿ ನಮ್ಮ ರಾಜ್ಯದ ಸುಮಾರು 42,000 ಆಶಾ ಕಾರ್ಯಕರ್ತೆಯರು ಕೆಲಸ ನಿಲ್ಲಿಸಿ ಮುಷ್ಕರ ಹೂಡಿದ್ದು ಇದಕ್ಕೇ. ತಿಂಗಳಿಗೆ 12,000 ರೂಪಾಯಿ ಕೊಡಿ, ಮಾಸ್ಕು-ಸ್ಯಾನಿಟೈಸರ್ ಕೊಡಿ ಅಂತ. ಸೋಂಕು ಏರ್ತಿರೋ ಹೊತ್ತಲ್ಲಿ ಮುಷ್ಕರನಾ ಅಂತ ಕೇಳಿದವರಿದ್ದರು. ಅವರನ್ನ ಬೀದಿಗೆ ತಂದದ್ದು ಯಾರು ಅಂತ ಕೇಳಿದವರು ಕಮ್ಮಿ.

ಹೋಗಲಿ, ಎಷ್ಟು ಜನ ಸತ್ತರು ಅಂತಾದರೂ ಎಣಿಸಿದ್ವಾ? 2020ರ ಸೆಪ್ಟೆಂಬರ್‌ನಲ್ಲಿ ರಾಜ್ಯಸಭೆಯಲ್ಲಿ ಈ ಪ್ರಶ್ನೆ ಬಂತು. ಆರೋಗ್ಯ ರಾಜ್ಯಗಳ ವಿಷಯ, ಕೇಂದ್ರದ ಮಟ್ಟದಲ್ಲಿ ಅಂಥ ಅಂಕಿಅಂಶ ಇಟ್ಟಿಲ್ಲ ಅನ್ನೋದು ಸರ್ಕಾರದ ಉತ್ತರ. ಭಾರತೀಯ ವೈದ್ಯಕೀಯ ಸಂಘ ಸಿಟ್ಟಾಯ್ತು. ಅಷ್ಟು ಹೊತ್ತಿಗೆ ತೀರಿಕೊಂಡಿದ್ದ 382 ಡಾಕ್ಟರ್‌ಗಳ ಪಟ್ಟಿಯನ್ನ ಮುಂದಿಟ್ಟಿತು. ಅದು ಡಾಕ್ಟರ್‌ಗಳ ಪಟ್ಟಿ. ನರ್ಸ್, ಲ್ಯಾಬ್ ಟೆಕ್ನಿಷಿಯನ್, ಆ್ಯಂಬುಲೆನ್ಸ್ ಡ್ರೈವರ್, ವಾರ್ಡ್ ಬಾಯ್ ಪಟ್ಟಿ ಯಾರು ಮಾಡಿದರು? 2021ರ ಅಕ್ಟೋಬರ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಒಂದು ಅಂದಾಜು ಕೊಟ್ಟಿತು. 2020ರ ಜನವರಿಯಿಂದ 2021ರ ಮೇವರೆಗೆ ಜಗತ್ತಿನಲ್ಲಿ 80,000ದಿಂದ 1,80,000 ಆರೋಗ್ಯ ಸಿಬ್ಬಂದಿ ಕೋವಿಡ್‌ಗೆ ಬಲಿಯಾಗಿರಬಹುದು ಅಂತ. ಆ ಎರಡು ಅಂಕಿಗಳ ನಡುವೆ ಒಂದು ಲಕ್ಷ ಜನ ಇದ್ದಾರೆ. ಇದ್ದರೋ ಇಲ್ಲವೋ ಅಂತಲೂ ಜಗತ್ತಿಗೆ ಖಾತ್ರಿ ಇಲ್ಲ.

ಇನ್ನು, ಕಾನೂನು ಬಂದ ಮೇಲೆ ಹಲ್ಲೆ ನಿಂತಿತಾ? 2021ರ ಜೂನ್ 1, ಅಸ್ಸಾಂನ ಹೊಜಾಯಿ ಜಿಲ್ಲೆ. ರೋಗಿ ಸತ್ತ ಸಿಟ್ಟಿಗೆ ಕೋವಿಡ್ ಕೇಂದ್ರದ ಯುವ ಡಾಕ್ಟರ್‌ನ ಗುಂಪು ಸೇರಿ ಪಾತ್ರೆ, ಪೊರಕೆಗಳಲ್ಲಿ ಬಡಿದರು. ವಿಡಿಯೋ ಇಡೀ ದೇಶ ನೋಡಿತು. ಬಡಿಯುವವರಿಗೆ ಆ ಹೊತ್ತಲ್ಲಿ ಸೆಕ್ಷನ್ ನೆನಪಾಗಲ್ಲ. ಅಲ್ಲಿ ಆಕ್ಸಿಜನ್, ಬೇಕಾದಷ್ಟು ಸಿಬ್ಬಂದಿ, ಬಾಗಿಲಲ್ಲಿ ಇಬ್ಬರು ಕಾವಲುಗಾರರು, ಮನೆಯವರಿಗೆ ಸಮಾಧಾನವಾಗಿ ವಿಷಯ ಹೇಳುವ ಒಬ್ಬ ಮನುಷ್ಯ ಇದ್ದಿದ್ದರೆ? ಸಿಟ್ಟು ಹುಟ್ಟುವ ಜಾಗದಲ್ಲೇ ಅದನ್ನ ತಡೆಯಬೇಕು. ಜೈಲು ಬರೋದು ಪೆಟ್ಟು ಬಿದ್ದ ಮೇಲೆ.

ಮತ್ತೊಂದು ಸಂಗತಿ ಬಹಳ ಜನಕ್ಕೆ ಗೊತ್ತಿಲ್ಲ. ಈ ಏಳು ವರ್ಷದ ಕಾನೂನು ಕೆಲಸ ಮಾಡೋದು ಸಾಂಕ್ರಾಮಿಕ ಇರುವಾಗ ಮಾತ್ರ. ಸಾಂಕ್ರಾಮಿಕ ಹೋದರೆ ಡಾಕ್ಟರ್ ಮತ್ತೆ ಹಳೇ ಕಾನೂನಿನ ಕೆಳಗೆ. ಎಲ್ಲ ಕಾಲಕ್ಕೂ ಅನ್ವಯಿಸುವ ಕೇಂದ್ರ ಕಾನೂನಿಗೆ 2019ರಲ್ಲೇ ಕರಡು ತಯಾರಾಗಿತ್ತು, ಮುಂದೆ ಹೋಗಲಿಲ್ಲ. 2024ರ ಆಗಸ್ಟ್‌ನಲ್ಲಿ ಕೋಲ್ಕತ್ತಾದ ಆಸ್ಪತ್ರೆಯಲ್ಲಿ ಕರ್ತವ್ಯದಲ್ಲಿದ್ದ ಯುವ ವೈದ್ಯೆಯ ಅತ್ಯಾಚಾರ, ಕೊಲೆ ನಡೆದಾಗ ದೇಶ ಮತ್ತೆ ಬೀದಿಗಿಳಿಯಿತು, ಸುಪ್ರೀಂ ಕೋರ್ಟ್ ರಾಷ್ಟ್ರೀಯ ಕಾರ್ಯಪಡೆ ರಚಿಸಿತು. ಮೂವತ್ತಾರು ಗಂಟೆ ಡ್ಯೂಟಿ ಮಾಡುವವರಿಗೆ ಮಲಗೋದಕ್ಕೆ ಬಾಗಿಲು ಹಾಕಿಕೊಳ್ಳುವ ಒಂದು ಕೋಣೆ ಇದೆಯಾ ಅನ್ನೋ ಪ್ರಶ್ನೆ ಆಗ ಚರ್ಚೆಗೆ ಬಂತು. ಅದೇ ನರ್ಸ್ ಕೇಳಿದ ಪ್ರಶ್ನೆ. ಒಂದು ಜೀವ ಹೋದ ಮೇಲೆ.

1897ರ ಕಾನೂನು ಅಧಿಕಾರಿಯನ್ನ ಜನರಿಂದ ಕಾಪಾಡಿತು. 2020ರ ಕಾನೂನು ಸಿಬ್ಬಂದಿಯನ್ನ ಗುಂಪಿನಿಂದ ಕಾಪಾಡಲು ನೋಡಿತು. ಒಂದು ಹೆಜ್ಜೆ ಮುಂದೆ, ಒಪ್ಪೋಣ. ಆದರೆ ಸಿಬ್ಬಂದಿಯನ್ನ ನಿರ್ಲಕ್ಷ್ಯದಿಂದ ಕಾಪಾಡುವ ಕಾನೂನು ಇನ್ನೂ ಬಂದಿಲ್ಲ. ಮಾಸ್ಕು, ಸಂಬಳ, ರಜೆ, ನಿದ್ದೆ, ಕಾಯಿಲೆ ಬಿದ್ದರೆ ಪರಿಹಾರ, ಮನಸ್ಸು ಕುಸಿದರೆ ಒಂದು ಆಸರೆ, ಸತ್ತರೆ ಲೆಕ್ಕಕ್ಕೆ ಒಂದು ಹೆಸರು. ಇವು ದಾನವಲ್ಲ, ಹಕ್ಕು ಅಂತ ಬರೆದಿಡುವ ಕಾನೂನು. ಅದಕ್ಕೆ ಮುಂದಿನ ಸಾಂಕ್ರಾಮಿಕ ಬರೋತನಕ ಕಾಯಬೇಕಾ? ಬಂದ ಮೇಲೆ ತರಾತುರಿಯಲ್ಲಿ ಬರೆದ ಕಾನೂನು ಹೇಗಿರುತ್ತೆ ಅಂತ ಎರಡು ಸಲ ನೋಡಿಯಾಗಿದೆ.

ಆ ನರ್ಸ್ ಇವತ್ತೂ ಅದೇ ಆಸ್ಪತ್ರೆಯಲ್ಲಿದ್ದಾರೆ. ಈ ಲೇಖನ ಪುಸ್ತಕಕ್ಕೆ ಸಿದ್ಧ ಮಾಡುವಾಗ ಫೋನ್ ಮಾಡಿದ್ದೆ. "ನಿಮ್ಮ ಮೊದಲ ಪ್ರಶ್ನೆಗೆ ಉತ್ತರ ಸಿಕ್ಕಿತಮ್ಮಾ, ಐದು ವರ್ಷದವರೆಗೆ" ಅಂದೆ. ನಕ್ಕರು. "ಎರಡನೆಯದಕ್ಕೆ ಸಾರ್?" ಅಂದರು.

ಆ ಪ್ರಶ್ನೆಯನ್ನ ನಿಮಗೆ ದಾಟಿಸ್ತಿದ್ದೀನಿ ವೀಕ್ಷಕರೇ. ಮತ ಕೇಳೋದಕ್ಕೆ ಮನೆ ಬಾಗಿಲಿಗೆ ಬಂದವರನ್ನ ಒಮ್ಮೆ ಕೇಳಿ. ಚಪ್ಪಾಳೆ ಅವತ್ತೇ ತಟ್ಟಿ ಆಗಿದೆ.